ಜೈಲಿಗೂ ಒಲೆಗೂ ನಡುವೆ ಜವರಕ್ಕ

ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ಕೆ.ಆರ್.ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಹೇಳುತ್ತಾರೆ, ಅದೂ ಒಗ್ಗರಣೆ ಹಾಕಿ. ಮುದ್ದೆ ಹೋಟೆಲಿನ ಜವರಕ್ಕನಿಗೆ ಜೈಲುಶಿಕ್ಷೆಯಾಗಿ, ಮೇಲಿನ ಕೋರ್ಟು ಆ ಶಿಕ್ಷೆಯನ್ನು ಸದ್ಯಕ್ಕೆ ತಡೆಹಿಡಿದು, ಅವಳು ಮತ್ತೆ ಒಲೆ ಮುಂದೆ ಬಂದು ಕೂತಿದ್ದಾಗ, ಅವಳನ್ನು ಜೈಲಿನ ಬಾಗಿಲವರೆಗೆ ತಳ್ಳಿಕೊಂಡು ಹೋದವನು ನಾನು. ದ್ವೇಷಕ್ಕೇನಲ್ಲ, ಪ್ರೀತಿ ಹೆಚ್ಚಾಗಿ. ಕೈಯಲ್ಲಿ ಕಂಪ್ಯೂಟರು, ಪಕ್ಕದಲ್ಲಿ ಫ್ಲೆಕ್ಸ್ ಪ್ರಿಂಟು ಮಾಡುವ ಯಂತ್ರ ಇರುವ ಹುಡುಗನಿಗೆ ಪ್ರೀತಿ ಹೆಚ್ಚಾದರೆ ಊರಿಗೆ ಒಳ್ಳೆಯದಲ್ಲ.

ನನ್ನ ಪರಿಚಯ ಇಷ್ಟೇ. ಹೆಸರು ನಾಗೇಂದ್ರ. ಕೆಲಸ ಫ್ಲೆಕ್ಸ್ ಅಂಗಡಿಯಲ್ಲಿ, ಹುಟ್ಟುಹಬ್ಬದ ಲೀಡರುಗಳ ಮುಖವನ್ನು ಅವರ ಹೆಂಡತಿಯರಿಗೂ ಗುರುತು ಸಿಗದಷ್ಟು ಬೆಳ್ಳಗೆ ಮಾಡುವುದು. ಆರ್ಕೆಸ್ಟ್ರಾದವರು ಕರೆದ ದಿನ ನಾಗಮಂಗಲ, ಪಾಂಡವಪುರ ಎಲ್ಲಿಗಾದರೂ ಹೋಗಿ ಮಿಮಿಕ್ರಿ ಮಾಡುತ್ತೇನೆ. ಕಂಡಕ್ಟರು, ಪಂಚಾಯ್ತಿ ಮೆಂಬರು, ಹಾಲಿನ ಡೈರಿ ಸೆಕ್ರೆಟರಿ, ಸಿಟ್ಟು ಬಂದಾಗಿನ ನಮ್ಮಪ್ಪ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ನಿನ್ನ ಸ್ವಂತ ದನಿ ಯಾವುದಯ್ಯಾ ಎಂದು ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ಹೊತ್ತು ಯೋಚಿಸಬೇಕಾಗುತ್ತದೆ.

ಆ ಗಂಟಲಿಗೆ ಸಿಗದೆ ಉಳಿದ ದನಿ ಒಂದೇ, ಜವರಕ್ಕನದು. ಯಾಕೆ ಸಿಗುತ್ತಿಲ್ಲ ಎಂದು ನಾನು ಬಹಳ ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಹೊಳೆಯಿತು: ಅವಳ ಮಾತು ಹುಟ್ಟುತ್ತಿದ್ದುದು ಮುದ್ದೆ ಕೋಲಿನಲ್ಲಿ. ಪಾತ್ರೆ ಅಲುಗದಂತೆ ಕವೆಗೋಲನ್ನು ಎರಡು ಪಾದಗಳಿಂದ ಒತ್ತಿ ಹಿಡಿದು, ಎದೆಯೆತ್ತರದ ಕೋಲಿನಿಂದ ರಾಗಿಹಿಟ್ಟು ತಿರುವುತ್ತಿದ್ದಳು. ಕೋಲು ಕೆಳಗೆ ಹೋದಾಗ ಉಸಿರು ಒಳಗೆ, ಮೇಲೆ ಬಂದಾಗ ಒಂದು ಮಾತು ಹೊರಗೆ. ಹಾಗಾಗಿ ಅವಳ ಮಾತೆಲ್ಲ ತುಂಡು ತುಂಡು. "ಬಾ." ಒಂದು ತಿರುವು. "ಕೂತ್ಕೊ." ಇನ್ನೊಂದು ತಿರುವು. "ಕೈ ತೊಳ್ದಾ?" ಕೋಲು ಕೆಳಗಿಟ್ಟು ಎಲೆ ಅಡಿಕೆ ಹಾಕಿಕೊಂಡು ಕೂತಾಗಲೂ ಅದೇ ಲಯ. ಹೆತ್ತ ಮಗಳ ಜೊತೆ ಫೋನಿನಲ್ಲಿ ಮಾತಾಡಿದರೂ ಅದೇ ಲಯ.

ಒಮ್ಮೆ ಹೋಟೆಲು ತುಂಬಿದ್ದಾಗ ಧೈರ್ಯ ಮಾಡಿ ಅವಳ ಮುಂದೆಯೇ ಅವಳನ್ನು ಅನುಕರಿಸಿದೆ. ಬೆಂಚಿನ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಜವರಕ್ಕ ನಗಲಿಲ್ಲ. ಪೂರ್ತಿ ಕೇಳಿಸಿಕೊಂಡು ಕೋಲನ್ನು ನನ್ನ ಕೈಗೆ ಕೊಟ್ಟಳು.

"ದನಿ ಕದ್ದುಬುಟ್ರೆ ಆಯ್ತಾ? ತಿರುವು ಬಾ."

ತಿರುವಿದೆ. ನಾಲ್ಕು ಸುತ್ತಿಗೆ ಭುಜ ಬಿದ್ದುಹೋಯಿತು. ಗಂಟುಗಂಟಾದ ಆ ಮುದ್ದೆಯನ್ನು ಅವತ್ತು ನನಗೇ ಹಾಕಿ, ಮುಗಿಯುವವರೆಗೂ ಎದುರಿಗೆ ನಿಂತಿದ್ದಳು. ಅಲ್ಲಿಂದ ಮುಂದೆ ವೇದಿಕೆಯ ಮೇಲೆ ಯಾರನ್ನು ಬೇಕಾದರೂ ಮಾಡಿದ್ದೇನೆ, ಅವಳನ್ನು ಮಾತ್ರ ಮಾಡಿಲ್ಲ.

ಅವಳು ಸಿಂಧಘಟ್ಟದವಳು. ಗಂಡ ತೀರಿಕೊಂಡ ಮೇಲೆ ಕೆ.ಆರ್.ಪೇಟೆಗೆ ಬಂದು, ಬಸ್‌ಸ್ಟ್ಯಾಂಡಿನ ಪಕ್ಕ ತಗಡಿನ ಸೂರು ಹಾಕಿ ಹೋಟೆಲು ಇಟ್ಟಳು. ಬೋರ್ಡು ಇರಲಿಲ್ಲ, ಹೊಗೆಯೇ ಬೋರ್ಡು. ಬೇರೆ ಹೋಟೆಲಿನವರು "ಏನು ಬೇಕು?" ಎಂದು ಕೇಳುತ್ತಾರೆ. ಜವರಕ್ಕ ಕೇಳುತ್ತಿದ್ದುದು "ಯಾವ ಬಸ್ಸು?" ಅವಳ ಕಾನೂನು ಅದು. ಯಾರ ಬಸ್ಸು ಮೊದಲು ಹೊರಡುತ್ತದೋ ಅವರಿಗೆ ಮೊದಲು ಮುದ್ದೆ. ದೊಡ್ಡವರು, ಚಿಕ್ಕವರು, ಬಿಳಿ ಪ್ಯಾಂಟು, ಹರಿದ ಲುಂಗಿ ಯಾವುದೂ ಲೆಕ್ಕಕ್ಕಿಲ್ಲ. ಅಕ್ಕಿಹೆಬ್ಬಾಳಿನ ಕಡೆಯ ಮುದುಕಿಗೆ ಬಸ್ಸು ಬಂದು ನಿಂತಿದ್ದರೆ, ಲೀಡರ ತಟ್ಟೆ ಖಾಲಿಯೇ ಇರುತ್ತಿತ್ತು. ಒಮ್ಮೆ ಪೊಲೀಸು ಸಾಹೇಬರೊಬ್ಬರು ಗಡಿಯಾರ ನೋಡಿಕೊಂಡು ಗಂಟಲು ಸರಿಮಾಡಿದಾಗ, "ನಿಮ್ಗೆ ಜೀಪದೆ. ಬುಟ್ಟು ಓಗಾಕಿಲ್ಲ. ಕೂತ್ಕಳಿ," ಎಂದಿದ್ದಳು. ಅವರು ಕೂತರು. ಅವರ ದನಿಯನ್ನೂ ನಾನು ಮಾಡುತ್ತೇನೆ, ಆದರೆ ಅವರು ಅವತ್ತು ಏನೂ ಮಾತಾಡಲಿಲ್ಲವಾದ್ದರಿಂದ ಇಲ್ಲಿ ಅವಕಾಶವಿಲ್ಲ.

ಈ ಕಾನೂನಿನಿಂದ ನಿತ್ಯ ಅನ್ಯಾಯವಾಗುತ್ತಿದ್ದವರು ಒಬ್ಬರೇ, ಚನ್ನಾಚಾರಿ. ರಸ್ತೆಯ ಆಚೆ ಬದಿ ಅವರ ಚಿನ್ನಬೆಳ್ಳಿ ಕೆಲಸದ ಅಂಗಡಿ, ಅದರ ಹಿಂದೆಯೇ ಮನೆ. ಬಸ್ಸೇ ಬೇಡದ ಮನುಷ್ಯ. ಆದ್ದರಿಂದ ಯಾವಾಗಲೂ ಕೊನೆಯ ಸರದಿ. ಹಸಿವು ತಡೆಯದ ಜೀವ ಬೇರೆ. ಮೂಗುತಿಗೆ ಹರಳು ಕೂರಿಸುವಾಗ ಉಸಿರನ್ನೇ ಬಿಗಿಹಿಡಿದು ಕೂರುವ ಆ ತಾಳ್ಮೆಯ ಕಸುಬುದಾರ, ಮುದ್ದೆಯ ಮುಂದೆ ಮಾತ್ರ ಎಳೆ ಕರುವಿನಂತೆ.

"ಜವರಮ್ಮ, ನಾನೂ ಒಂದು ಬಸ್ಸಿನ ಟಿಕೀಟು ತಕ್ಕೊಂಡು ಬಂದು ಕೂತ್ಕತೀನಿ, ಆಗ್ಲಾದ್ರೂ ಹಾಕ್ತೀಯಾ?"

"ಓಗಿ ಬಂದ ಟಿಕೀಟೂ ತೋರ್ಸು. ಆಕ್ತೀನಿ."

ಇದು ವರ್ಷಗಟ್ಟಲೆ ನಡೆದ ಜಗಳ. ಜಗಳ ಎನ್ನುವುದಕ್ಕಿಂತ ಊಟದ ಜೊತೆಗಿನ ಉಪ್ಪಿನಕಾಯಿ ಎನ್ನಬಹುದು. ಅದು ಕೋರ್ಟಿಗೆ ಹೋಗುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಅವತ್ತು ಚನ್ನಾಚಾರಿ ಒಂದು ಮುದ್ದೆ ಮುಗಿಸಿ ಎರಡನೆಯದಕ್ಕೆ ಕಾಯುತ್ತಿದ್ದರು. ಅಷ್ಟರಲ್ಲಿ ಬೂಕನಕೆರೆ ಕಡೆಗೆ ಹೋಗುವವರು ಒಂದು ಗುಂಪು ಬಂದು ಕೂತರು, ಬಸ್ಸು ಹೊರಡಲು ತಯಾರು. ಸರದಿ ಮತ್ತೆ ಹಿಂದಕ್ಕೆ ಹೋಯಿತು. ನಾಟಿಕೋಳಿ ಸಾರಿನ ಪಾತ್ರೆ ಚನ್ನಾಚಾರಿಯ ಮೊಣಕೈ ಪಕ್ಕದಲ್ಲೇ ಹಬೆಯಾಡುತ್ತಿತ್ತು. ಚನ್ನಾಚಾರಿ ಅತ್ತಿತ್ತ ನೋಡಿ, ಉಣ್ಣುತ್ತಿದ್ದ ಅದೇ ಎಂಜಲು ಕೈಯನ್ನು ಪಾತ್ರೆಯೊಳಗೆ ಬಿಟ್ಟು ಒಂದು ತುಂಡು ಎತ್ತಿದರು. ನಾನು ಎದುರು ಬೆಂಚಿನಲ್ಲಿದ್ದೆ, ಆದರೆ ಆಗ ನನ್ನ ಕಣ್ಣು ಫೋನಿನಲ್ಲಿತ್ತು. ತಲೆ ಎತ್ತುವಷ್ಟರಲ್ಲಿ ಜವರಕ್ಕನ ಕೋಲು ಮುದ್ದೆಯ ಪಾತ್ರೆಯಿಂದ ಮೇಲೆ ಬಂದಿತ್ತು, ಮಾತಿನ ಬದಲು ಕೋಲೇ ಹೊರಬಿದ್ದಿತ್ತು. ಮಣಿಕಟ್ಟಿನ ಮೇಲೆ. ಆ ಶಬ್ದವನ್ನು ನಾನು ಯಾವತ್ತೂ ಅನುಕರಿಸಿಲ್ಲ.

ಮೂಳೆ ಮುರಿದಿತ್ತು. ಜವರಕ್ಕ ಮೊದಲು ಮಾಡಿದ ಕೆಲಸ, ಇಡೀ ಪಾತ್ರೆ ಸಾರನ್ನು ಮೋರಿಗೆ ಸುರಿದದ್ದು. ಒಬ್ಬನ ಎಂಜಲು ಬಿದ್ದ ಸಾರನ್ನು ಹತ್ತು ಜನಕ್ಕೆ ಬಡಿಸುವುದುಂಟೇ? ಎರಡನೆಯ ಕೆಲಸ, ಆಟೋ ಕರೆದು ಚನ್ನಾಚಾರಿಯನ್ನು ಕೂರಿಸಿ ತಾನೂ ಪಕ್ಕದಲ್ಲಿ ಕೂತು ಆಸ್ಪತ್ರೆಗೆ ಹೋದದ್ದು. ದಾರಿಯುದ್ದಕ್ಕೂ ಬೈಯುತ್ತಲೇ ಹೋದಳಂತೆ. ಆಸ್ಪತ್ರೆಯಲ್ಲಿ ಡಾಕ್ಟರು, ಹೇಗಾಯಿತು ಎಂದು ಕೇಳಿದಾಗ ಚನ್ನಾಚಾರಿ ನೋವಿಗೆ ಹಲ್ಲು ಕಚ್ಚಿಕೊಂಡಿದ್ದರು. ಉತ್ತರ ಕೊಟ್ಟವಳು ಇವಳೇ. "ನಾನೇ ಒಡ್ದೆ ಕಣಪ್ಪ. ಬರ್ಕೊ."

ಬರೆದುಕೊಂಡರು. ಪೊಲೀಸರು ಬಂದರು. ಅಲ್ಲಿಗೂ ಅದು ಮುಗಿಯಬಹುದಿತ್ತು. ಕೈಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಚನ್ನಾಚಾರಿ, "ತಪ್ಪಾಯ್ತು ಅಂತ ಒಂದು ಮಾತು ಅನ್ನು ಜವರಮ್ಮ, ಕೇಸು ಬ್ಯಾಡ," ಎಂದರು. ಜವರಕ್ಕ, "ಎಂಜ್ಲು ಕೈ ಆಕ್ದೆ ಅಂತ ಮೊದ್ಲು ನೀನು ಅನ್ನು," ಎಂದಳು. ವಾರ್ಡಿನ ತುಂಬ ಜನ ಕಿವಿ ನಿಮಿರಿಸಿದ್ದರು. ಮರ್ಯಾದಸ್ಥ ಮನುಷ್ಯ, ಹತ್ತಾರು ಮದುವೆಗೆ ತಾಳಿ ಮಾಡಿಕೊಟ್ಟ ಕೈ, ಊರ ಸಾರಿನ ಪಾತ್ರೆಗೆ ಎಂಜಲು ಕೈ ಹಾಕಿದೆ ಎಂದು ಒಪ್ಪಿಕೊಳ್ಳುವುದುಂಟೇ? "ನಾನು ನೀರಿನ ಚೊಂಬಿಗೆ ಕೈ ಚಾಚಿದ್ದೆ," ಎಂದುಬಿಟ್ಟರು. ಪೊಲೀಸರ ಮುಂದೆ ಅದೇ ಹೇಳಿಕೆ. ಆಮೇಲೆ ಕೋರ್ಟಿನಲ್ಲಿ ಪ್ರಮಾಣ ಮಾಡಿಯೂ ಅದೇ.

ಮುದ್ದೆ ಕೋಲು ಕೋರ್ಟಿನ ಮುದ್ದೆಮಾಲಾಗಿ ಚೀಟಿ ಕಟ್ಟಿಸಿಕೊಂಡು ಹೋಯಿತು. ಜವರಕ್ಕನ ದೊಡ್ಡ ದುಃಖ ಅದೇ. ಹೊಸ ಕೋಲು ಪಳಗಿಲ್ಲ, ಹಿಟ್ಟು ಕಚ್ಚುತ್ತದೆ ಎಂದು ತಿಂಗಳುಗಟ್ಟಲೆ ಗೊಣಗಿದಳು. ಚನ್ನಾಚಾರಿಯ ದುಃಖ ಅದಕ್ಕಿಂತ ದೊಡ್ಡದು. ಮೂಳೆ ಕೂಡಿಕೊಂಡಿತು, ಆದರೆ ಸೊಟ್ಟಗೆ. ಕೈ ಮೊದಲಿನಂತೆ ತಿರುಗಲಿಲ್ಲ. ಹರಳು ಕೂರಿಸುವ ಕೆಲಸ ಬಿಟ್ಟು, ಮೆರುಗು ಹಾಕುವುದು, ಕಿತ್ತುಹೋದ ಕೊಂಡಿ ಬೆಸೆಯುವುದು ಇಷ್ಟಕ್ಕೆ ನಿಂತರು. ಆ ಅಂಗಡಿಯ ಮುಂದೆ ಹಾದುಹೋಗುವಾಗ ನಾನು ತಮಾಷೆ ಮಾಡುವುದನ್ನು ನಿಲ್ಲಿಸಿದ್ದೆ. ನಿಲ್ಲಿಸಿದ್ದನ್ನು ಹಾಗೇ ಮುಂದುವರಿಸಿದ್ದರೆ ಚೆನ್ನಾಗಿತ್ತು.

ಇನ್ನೊಂದು ವಿಚಿತ್ರ ಹೇಳಬೇಕು. ಕೇಸು ನಡೆಯುತ್ತಿದ್ದಷ್ಟು ದಿನವೂ ಚನ್ನಾಚಾರಿಗೆ ಬೇರೆ ಕಡೆಯ ಮುದ್ದೆ ಸೇರಲಿಲ್ಲ. ನನ್ನನ್ನು ಅಂಗಡಿಯೊಳಗೆ ಕರೆದು, "ನಿನಗೆ ಅಂತ ಒಂದು ಪಾರ್ಸೆಲ್ ತಕ್ಕೊಂಬಾ ಮಗ, ನನ್ನ ಹೆಸರು ಎತ್ತಬ್ಯಾಡ," ಎಂದರು. ನಾನೂ ಗುಟ್ಟಿನ ಕೆಲಸ ಎಂದು ಎದೆ ಉಬ್ಬಿಸಿಕೊಂಡು ತಂದುಕೊಟ್ಟೆ. ಒಂದು ವಾರ ಕಳೆಯುವುದರೊಳಗೆ ಜವರಕ್ಕ, "ಇವತ್ತು ಸಾರು ಖಾರ ಆಗದೆ. ಆಚಾರಿಗೆ ಏಳು. ನೀರು ಬೆರ್ಸ್ಕಂಡು ಉಣ್ಲಿ," ಎಂದಳು.

"ಗೊತ್ತಾ ನಿಂಗೆ?"

"ಒಂದೊತ್ತಿಗೆ ಎಲ್ಡು ಊಟ ಉಣ್ಣೋ ಮೈಯೇನ್ಲಾ ನಿಂದು? ಅವ್ನು ನನ್ ಮ್ಯಾಲೆ ಕೇಸಾಕವ್ನೆ. ಮುದ್ದೆ ಮ್ಯಾಲೆ ಆಕಿಲ್ಲ."

ಅವಳ ಲಾಯರು ಪಾಂಡವಪುರದ ಶಿವಲಿಂಗಪ್ಪನವರು. ಮೃದು ಮನುಷ್ಯ. ಈ ಪಾರ್ಸೆಲ್ ಸಂಗತಿ ಕೇಳಿ ಅವರಿಗೆ ಬೆವರು ಬಂತು. "ಅಮ್ಮಾ, ಸಾಕ್ಷಿಗೆ ಆಮಿಷ ತೋರಿಸಿದ್ದೀರಿ ಅಂತಾರೆ!" ಜವರಕ್ಕ, "ಕಾಸು ತಕ್ಕೊಂಡೇ ಕೊಡೋದು ಕಣಪ್ಪ," ಎಂದಳು. ಅವರು ಕಣ್ಣು ಮುಚ್ಚಿಕೊಂಡರು.

ಅದಕ್ಕಿಂತ ಬಿಗಿಯಾಗಿ ಅವರು ಕಣ್ಣು ಮುಚ್ಚಿಕೊಂಡದ್ದು ಕೆ.ಆರ್.ಪೇಟೆ ಕೋರ್ಟಿನಲ್ಲಿ. ಹೊಡೆದಿರಾ ಎಂದು ಕೇಳಿದಾಗ "ಗೊತ್ತಿಲ್ಲ, ಗಲಾಟೆಯಲ್ಲಿ ಬಿದ್ದರು" ಎನ್ನಬೇಕೆಂದು ಅವರು ಹೇಳಿಕೊಟ್ಟಿದ್ದರಂತೆ. ಜವರಕ್ಕ, "ಒಡ್ದೆ. ಯಾಕೊಡ್ದೆ ಅಂತಲೂ ಕೇಳಿ," ಎಂದಳು. ಕೇಳಿದರು, ಹೇಳಿದಳು. ಆದರೆ ಪಾತ್ರೆಯೊಳಗೆ ಕೈ ಹೋದದ್ದನ್ನು ನೋಡಿದವರು ಒಬ್ಬರೂ ಮುಂದೆ ಬರಲಿಲ್ಲ. ಬೂಕನಕೆರೆಯವರು ಬಸ್ಸು ಹತ್ತಿಹೋಗಿದ್ದರು, ನಾನು ಫೋನು ನೋಡುತ್ತಿದ್ದೆ. ಮೂಳೆ ಮುರಿದದ್ದಕ್ಕೆ ಡಾಕ್ಟರ ಚೀಟಿ ಇತ್ತು. ಕೆಲವು ತಿಂಗಳ ಜೈಲಾಯಿತು. ತೀರ್ಪು ಓದಿದಾಗ ಅವಳು ಕೇಳಿದ್ದು ಒಂದೇ. "ಈಗ್ಲೇ ಬರ್ಬೇಕಾ? ಒಲೆ ಆರ್ಸಿ ಬರ್ಲಾ?"

ಶಿವಲಿಂಗಪ್ಪನವರು ಅವತ್ತೇ ಓಡಾಡಿ ಮೇಲ್ಮನವಿಗೆ ಕಾಲಾವಕಾಶ ಪಡೆದರು. ಆಮೇಲೆ ಶ್ರೀರಂಗಪಟ್ಟಣದ ಮೇಲಿನ ಕೋರ್ಟು, ಮೇಲ್ಮನವಿ ತೀರ್ಮಾನವಾಗುವವರೆಗೆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಜೊತೆಗೆ ಷರತ್ತು: ಕರೆದಾಗ ಬರಬೇಕು, ಚನ್ನಾಚಾರಿಗೆ ಮಾತಿನಲ್ಲಾಗಲಿ ಕೃತಿಯಲ್ಲಾಗಲಿ ತೊಂದರೆ ಕೊಡಬಾರದು.

ಈ ಅಮಾನತು ಎಂದರೇನು ಎಂಬುದನ್ನು ಬಸ್‌ಸ್ಟ್ಯಾಂಡು ಎರಡು ದಿನ ಚರ್ಚಿಸಿತು. ಕಂಡಕ್ಟರೊಬ್ಬರು, "ಕೇಸು ವಜಾ ಅಂತಲೇ ಅರ್ಥ, ಇಂಗ್ಲಿಷಲ್ಲಿ ಬೇರೆ ಥರ ಬರೀತಾರೆ," ಎಂದರು. ಹಿಂದೊಮ್ಮೆ ತಾನೇ ಅಮಾನತಾಗಿದ್ದ ಡೈರಿ ಸೆಕ್ರೆಟರಿ ಬಹಳ ಅಧಿಕಾರದಿಂದ, "ಏನೂ ತೊಂದ್ರೆ ಇಲ್ಲ, ಮನೇಲಿ ಆರಾಮಾಗಿರಬಹುದು, ನಾನೇ ಇರ್ಲಿಲ್ವಾ?" ಎಂದರು. ಎಲ್ಲರೂ ಒಪ್ಪಿದ ಅರ್ಥ: ಜವರಕ್ಕ ಗೆದ್ದಳು.

ಒಪ್ಪದವಳು ಅವಳೊಬ್ಬಳೇ. ಲಾಯರು ಹೇಳುತ್ತಿದ್ದುದನ್ನು ತಲೆ ಬಗ್ಗಿಸಿ ಕೇಳಿ, "ಓಯ್ತಾ, ನಿಂತದಾ?" ಎಂದು ಕೇಳಿದ್ದಳು. "ನಿಂತಿದೆ ಅಮ್ಮಾ, ಹೋಗಿಲ್ಲ," ಎಂದಿದ್ದರು ಅವರು. ಅಷ್ಟು ಸಾಕಾಯಿತು ಅವಳಿಗೆ. ಯಾರಾದರೂ ಕೈಕುಲುಕಲು ಬಂದರೆ, "ಪಾತ್ರೆ ಇಳ್ಸಿ ಪಕ್ಕಕ್ಕಿಟ್ಟವ್ರೆ. ಬೆಂದದೋ ಇಲ್ವೋ ಇನ್ನೂ ನೋಡಿಲ್ಲ. ಈಗ್ಲೇ ಎಲೆ ಆಕ್ಕೊಂಡು ಕೂತ್ಕಬ್ಯಾಡಿ," ಎನ್ನುತ್ತಿದ್ದಳು.

ಅವಳು ಹಾಗೆಯೇ ಬದುಕಿದಳು ಕೂಡ. ಮೊದಲೆಲ್ಲ ಸೌದೆಯನ್ನು ಟ್ರಾಕ್ಟರುಗಟ್ಟಲೆ ತರಿಸುತ್ತಿದ್ದವಳು ಈಗ ಹೊರೆ ಲೆಕ್ಕದಲ್ಲಿ ಕೊಳ್ಳತೊಡಗಿದಳು. ಅಕ್ಕಿಹೆಬ್ಬಾಳಿನಿಂದ ಗೃಹಪ್ರವೇಶದ ಅಡುಗೆಗೆ ಕರೆಯಲು ಬಂದವರನ್ನು ವಾಪಸು ಕಳಿಸಿದಳು. "ನಿಮ್ ದಿನ ನಿಮ್ ಕೈಲದೆ. ನಂದು ಕೋರ್ಟಿನ ಕೈಲದೆ. ಒಲೆ ಹಚ್ಚಿ ಮಧ್ಯಕ್ಕೆ ಎದ್ದೋದ್ರೆ ನಿಮ್ಗೂ ಅವಮಾನ, ನಂಗೂ ಅವಮಾನ." ಬಸುರಿ ಮಗಳು ನಾಗಮಂಗಲದಿಂದ ಫೋನು ಮಾಡಿ, ಬಾಣಂತನಕ್ಕೆ ನಿನ್ನ ಹತ್ತಿರವೇ ಬರಲಾ ಎಂದು ಕೇಳಿದಾಗ ಮಾತ್ರ ಅವಳ ಮಾತಿನ ಲಯ ಒಂದು ಕ್ಷಣ ತಪ್ಪಿತು. "ನೋಡಾನ," ಎಂದು ಫೋನು ಇಟ್ಟಳು. ಜೈಲು ಅಂದರೆ ಜೈಲು, ಹೋಗಿ ಬರಬಹುದು. ಹೋಗುತ್ತೇನೋ ಇಲ್ಲವೋ ಎನ್ನುವುದರಲ್ಲಿ ಮಗಳಿಗೆ ಒಂದು ತಾರೀಕು ಹೇಳಲಾಗದಿದ್ದುದು ಅವಳನ್ನು ತಿನ್ನುತ್ತಿತ್ತು.

ಇದನ್ನೆಲ್ಲ ಕಣ್ಣ ಮುಂದೆ ನೋಡುತ್ತಿದ್ದ ನಾನು ಏನು ಮಾಡಿದೆ? ಫ್ಲೆಕ್ಸ್ ಮಾಡಿದೆ.

ಹೋಟೆಲಿನ ತಗಡನ್ನೇ ಮುಚ್ಚುವಷ್ಟು ದೊಡ್ಡದು. ನಡುವೆ ಜವರಕ್ಕ, ಕೈಯಲ್ಲಿ ಗದೆಯ ಹಾಗೆ ಮುದ್ದೆ ಕೋಲು, ಹಿಂದೆ ಒಂದು ಸಿಂಹ. ಮೇಲೆ ಕೆಂಪು ಅಕ್ಷರ: "ಸತ್ಯಕ್ಕೆ ಸಂದ ಜಯ! ಕೇಸಿನಿಂದ ಬಿಡುಗಡೆಯಾದ ನಮ್ಮ ಹೆಮ್ಮೆಯ ಜವರಕ್ಕನಿಗೆ ಸುಸ್ವಾಗತ." ಕೆಳಗೆ ಸಾಲಾಗಿ ಹಿತೈಷಿಗಳ ಮುಖ, ಅದರಲ್ಲಿ ನನ್ನದು ಸ್ವಲ್ಪ ದೊಡ್ಡದು, ಸ್ವಲ್ಪ ಬೆಳ್ಳಗಿನದು. ಅಷ್ಟಕ್ಕೆ ನಿಲ್ಲಿಸಿದ್ದರೆ ಬರೀ ಪೆದ್ದ ಅನ್ನಿಸಿಕೊಳ್ಳುತ್ತಿದ್ದೆ. ಮೂಲೆಯಲ್ಲಿ, ಪಟ್ಟಿ ಕಟ್ಟಿದ ಒಂದು ಕೈ ಸಾರಿನ ಪಾತ್ರೆ ನೋಡಿ ಕಣ್ಣೀರು ಹಾಕುವ ಚಿತ್ರವನ್ನೂ ಸೇರಿಸಿದೆ. ಬೆಳಗಾಗುತ್ತಲೇ ಹೋಟೆಲಿನ ಮುಂದೆ ಕಟ್ಟಿದೆ. ಅದು ಸರಿಯಾಗಿ ಚನ್ನಾಚಾರಿಯ ಅಂಗಡಿಗೆ ಮುಖ ಮಾಡಿತ್ತು.

ಜವರಕ್ಕ ಬಂದು, ಅಕ್ಷರ ಅಕ್ಷರ ಕೂಡಿಸಿ ಓದಿದಳು. ಓದಿ ನನ್ನ ಕಡೆ ತಿರುಗಿದಳು.

"ಬುಡುಗಡೆ ಮಾಡಿದ್ದು ಯಾರ್ಲಾ? ನೀನಾ?"

"ಎಲ್ರೂ ಹಂಗೇ ಅಂತಾವ್ರೆ ಅಕ್ಕ."

"ಆ ಕೈ ಯಾರ್ದು?"

ಅವಳೇ ಬೆಂಚಿನ ಮೇಲೆ ಹತ್ತಿ ಹಗ್ಗ ಕಿತ್ತಳು. "ನಾನು ಅವ್ನ ಕೈ ಒಂದೇ ಸಲ ಮುರ್ದೆ. ನೀನು ದಿನಾ ಮುರಿಯಕ್ಕೆ ನೇತಾಕಿದ್ದೀಯಲ್ಲೋ." ಕೋಲಿನ ಲಯ ಬಿಟ್ಟು ಅವಳು ನನ್ನನ್ನು ಬೈದದ್ದು ಅದೇ ಮೊದಲು.

ಆದರೆ ಹೊತ್ತು ಮೀರಿತ್ತು. ಚನ್ನಾಚಾರಿ ಎದುರಿನಿಂದ ಫೋನಿನಲ್ಲಿ ಚಿತ್ರ ಹಿಡಿದಿದ್ದರು. ಅಂಗಡಿಗೆ ಬಂದ ಹೆಂಗಸರು ನಕ್ಕಿದ್ದರಂತೆ. ಸೊಟ್ಟ ಕೈಯನ್ನು ಮಡಿಲಲ್ಲಿ ಮುಚ್ಚಿಕೊಂಡು ಕೂತಿದ್ದರಂತೆ. ಅವತ್ತು ಅವರು ಪಾರ್ಸೆಲ್ ಹೇಳಲಿಲ್ಲ. ಕೆಲವು ದಿನದಲ್ಲಿ ಅವರ ಲಾಯರು ಶ್ರೀರಂಗಪಟ್ಟಣದ ಕೋರ್ಟಿಗೆ ಅರ್ಜಿ ಕೊಟ್ಟರು: ಈಕೆ ಷರತ್ತು ಮುರಿದು ಫಿರ್ಯಾದಿಯನ್ನು ಸಾರ್ವಜನಿಕವಾಗಿ ಅವಮಾನಿಸಿದ್ದಾಳೆ, ಶಿಕ್ಷೆಗೆ ಕೊಟ್ಟ ತಡೆ ರದ್ದಾಗಬೇಕು.

"ರದ್ದಾದರೆ?" ಎಂದು ನಾನು ಶಿವಲಿಂಗಪ್ಪನವರನ್ನು ಕೇಳಿದೆ.

"ಅಲ್ಲಿಂದಲೇ ಒಳಗೆ," ಎಂದರು.

ನನಗೆ ಊಟ ಸೇರಲಿಲ್ಲ. ಜವರಕ್ಕ ಮಾಮೂಲಿನಂತೆ ತಿರುವುತ್ತಿದ್ದಳು. ಕಾಲಿಗೆ ಬೀಳಲು ಹೋದರೆ, "ಬಿದ್ರೆ ಕೋರ್ಟಲ್ಲಿ ಬೀಳು. ಇಲ್ಲಿ ಸಾರು ಚೆಲ್ತದೆ," ಎಂದಳು. ಲಾಯರು ನನಗೆ ಕೊಟ್ಟ ಬುದ್ಧಿ ಒಂದೇ: "ನೀನೇ ಮಾಡಿದ್ದು ಅಂತ ಹೇಳು. ನಿನ್ನ ದನಿಯಲ್ಲೇ ಹೇಳು ಮಾರಾಯ."

ವಾಯಿದೆಯ ದಿನ ಜವರಕ್ಕ, ಲಾಯರು, ನಾನು ಮೂವರೂ ಶ್ರೀರಂಗಪಟ್ಟಣಕ್ಕೆ ಹೋದೆವು. ಜವರಕ್ಕ ಹೊರಡುವ ಮುಂಚೆ ಒಲೆಯ ಬೂದಿ ತೆಗೆದು, ಪಾತ್ರೆಗಳನ್ನು ತೊಳೆದು ಬೋರಲು ಹಾಕಿ, ಬೀಗದ ಕೈಯನ್ನು ಪಕ್ಕದ ಹೂವಿನವಳಿಗೆ ಕೊಟ್ಟಳು.

ನ್ಯಾಯಾಧೀಶರು ನಡುವಯಸ್ಸಿನ ಹೆಂಗಸು, ಮೆಲು ಮಾತು. ಫ್ಲೆಕ್ಸಿನ ಚಿತ್ರವನ್ನು ಬಹಳ ಹೊತ್ತು ನೋಡಿದರು. ಸಿಂಹವನ್ನೂ ನೋಡಿರಬೇಕು.

"ಇದನ್ನು ಹಾಕಿಸಿದ್ದು ಯಾರು?"

"ನಾನು ಮೇಡಂ," ಎಂದೆ. ಬಂದ ದನಿ ಕಂಡಕ್ಟರದಲ್ಲ, ಸೆಕ್ರೆಟರಿಯದಲ್ಲ, ನಮ್ಮಪ್ಪನದೂ ಅಲ್ಲ. ಬಿಸಿಲಿಗೆ ಬಾಡಿದ ಸೊಪ್ಪಿನಂಥ ಒಂದು ದನಿ. ಇದು ನನ್ನದಿರಬೇಕು ಎಂದುಕೊಂಡೆ. "ಅವರಿಗೆ ಗೊತ್ತಿರಲಿಲ್ಲ. ನೋಡಿದ ತಕ್ಷಣ ಅವರೇ ಕಿತ್ತುಹಾಕಿದರು."

"ಬಿಡುಗಡೆ ಅಂತ ನಿಮಗೆ ಹೇಳಿದವರು ಯಾರು?"

"ಬಸ್‌ಸ್ಟ್ಯಾಂಡಿನವರು ಮೇಡಂ."

ಅವರ ತುಟಿ ಸ್ವಲ್ಪ ಅಲುಗಿತು. ಜವರಕ್ಕನ ಕಡೆ ತಿರುಗಿ, "ನಿಮಗೆ ಏನು ಅರ್ಥವಾಗಿದೆ ಅಮ್ಮ?" ಎಂದರು.

"ಶಿಕ್ಷೆ ಅಂಗೇ ಅದೆ ಸ್ವಾಮಿ. ನೀವು ಕೈ ಅಡ್ಡ ಇಟ್ಟಿದ್ದೀರಿ. ಕೈ ತೆಗುದ್ರೆ ಬೀಳ್ತದೆ."

ನ್ಯಾಯಾಧೀಶರು ತಲೆಯಾಡಿಸಿ, ಈ ಸಲ ಚನ್ನಾಚಾರಿಯನ್ನು ಕೇಳಿದರು. "ನಿಮ್ಮ ಅರ್ಜಿಯನ್ನು ನಾನು ಒಪ್ಪಿದರೆ ಇವರು ಇವತ್ತೇ, ಇಲ್ಲಿಂದಲೇ ಜೈಲಿಗೆ ಹೋಗುತ್ತಾರೆ. ಮೇಲ್ಮನವಿ ಯಾವಾಗ ಮುಗಿಯುತ್ತದೋ ಹೇಳಲಾಗದು. ನೀವು ಕೇಳುತ್ತಿರುವುದು ಅದನ್ನೇ ತಾನೇ?"

ಚನ್ನಾಚಾರಿ ತಮ್ಮ ಲಾಯರ ಮುಖ ನೋಡಿದರು. ಜವರಕ್ಕನ ಮುಖ ನೋಡಿದರು. ಬಸ್‌ಸ್ಟ್ಯಾಂಡಿನ ಅರ್ಥವನ್ನೇ ಪಾಪ ಅವರೂ ನಂಬಿದ್ದರು. ಇವಳು ಪೂರ್ತಿ ಗೆದ್ದುಬಿಟ್ಟಿದ್ದಾಳೆ, ಈ ಅರ್ಜಿಯಿಂದ ಆ ಫ್ಲೆಕ್ಸ್ ಬೋರ್ಡು ಕಟ್ಟಿದ್ದಕ್ಕೆ ಒಂದು ಛೀಮಾರಿ ಆದರೂ ಆಗಲಿ ಎಂದುಕೊಂಡು ಬಂದಿದ್ದರು.

"ಇವತ್ತೇನಾ?" ಎಂದರು.

"ಇವತ್ತೇ."

ಅವರ ಲಾಯರು ಏನೋ ಹೇಳಲು ಎದ್ದರು. ಚನ್ನಾಚಾರಿ ಸೊಟ್ಟ ಕೈ ಎತ್ತಿ ತಡೆದರು. "ಬ್ಯಾಡ ಸ್ವಾಮಿ. ಬೋರ್ಡು ಕಿತ್ತವ್ರಲ್ಲ, ಸಾಕು. ಆ ಹುಡುಗನಿಗೆ ಎಲ್ಡು ಬುದ್ಧಿ ಹೇಳಿ ಕಳಿಸಿ."

ಹುಡುಗನಿಗೆ ಎರಡಲ್ಲ, ಹತ್ತು ಬುದ್ಧಿ ಹೇಳಿದರು. ಅರ್ಜಿ ಬಿದ್ದುಹೋಯಿತು, ತಡೆ ಉಳಿಯಿತು, ಮೇಲ್ಮನವಿಗೆ ಮುಂದಿನ ವಾಯಿದೆ ಬಿತ್ತು. ಆ ಮುಂದಿನ ವಾಯಿದೆಗೆ ಇಬ್ಬರೂ ಒಟ್ಟಿಗೆ ಹೋಗಿ ರಾಜಿ ಅರ್ಜಿಗೆ ಸಹಿ ಹಾಕಿದರು. ಕೋರ್ಟು ಒಪ್ಪಿತು, ಶಿಕ್ಷೆಯೂ ಹೋಯಿತು, ತಡೆಯೂ ಹೋಯಿತು. ಮಗಳ ಬಾಣಂತನಕ್ಕೆ ನಾಗಮಂಗಲಕ್ಕೆ ಹೋದ ಜವರಕ್ಕ ವಾಪಸು ಬರಲೇ ಇಲ್ಲ. ಅಲ್ಲಿನ ಬಸ್‌ಸ್ಟ್ಯಾಂಡಿನ ಹತ್ತಿರ ಮಗಳು ಅಳಿಯ ಹೋಟೆಲು ಇಟ್ಟಿದ್ದಾರೆ, ಇವಳು ಮೊಮ್ಮಗುವನ್ನು ಕಾಲ ಮೇಲೆ ಹಾಕಿಕೊಂಡು ಆಳುತ್ತಾಳೆ. ಇಲ್ಲಿನ ತಗಡಿನ ಸೂರಿನಡಿ ಈಗ ಮೊಬೈಲ್ ರಿಪೇರಿ. ಇಲ್ಲಿ ಯಾರೂ ಯಾವ ಬಸ್ಸು ಎಂದು ಕೇಳುವುದಿಲ್ಲ. ಚನ್ನಾಚಾರಿ ಭಾನುವಾರ ನಿಜವಾಗಿಯೂ ಟಿಕೀಟು ತೆಗೆದುಕೊಂಡು ನಾಗಮಂಗಲಕ್ಕೆ ಹೋಗುತ್ತಾರೆ.

ಆದರೆ ರಾಜಿಯಾದದ್ದು ಕೋರ್ಟಿನಲ್ಲಿ ಎಂದು ಶಿವಲಿಂಗಪ್ಪನವರು ಹೇಳಿದರೆ ನಂಬಬೇಡಿ. ಅವರು ಪಾಂಡವಪುರದಲ್ಲಿ ಇಳಿದುಹೋಗಿದ್ದರು. ಆಗಿದ್ದು ಫ್ಲೆಕ್ಸಿನ ಅರ್ಜಿ ಬಿದ್ದುಹೋದ ದಿನವೇ, ವಾಪಸು ಬರುವ ಬಸ್ಸಿನಲ್ಲಿ, ಚಿನಕುರಳಿ ಹತ್ತಿರ. ಬಸ್ಸು ತುಂಬಿತ್ತು. ಖಾಲಿಯಾದ ಒಂದೇ ಸೀಟು ಚನ್ನಾಚಾರಿಯ ಪಕ್ಕದ್ದು. ಜವರಕ್ಕ ಹೋಗಿ ಕೂತಳು. ನಾನು ಕಂಬಿ ಹಿಡಿದು ಅವರ ತಲೆಯ ಮೇಲೆಯೇ ನಿಂತಿದ್ದೆ, ಬೇರೆಡೆ ನೋಡುವವನಂತೆ.

ಕಿಟಕಿಯಾಚೆ ಕಬ್ಬಿನ ಗದ್ದೆಗಳು ಹಿಂದಕ್ಕೆ ಹೋಗುತ್ತಿದ್ದವು.

"ಕೈ ಎಂಗದೆ?" ಎಂದಳು ಜವರಕ್ಕ.

"ತಿರುಗಾಕಿಲ್ಲ."

ಮತ್ತೆ ಸ್ವಲ್ಪ ದೂರ.

"ಅಷ್ಟು ಜೋರಾಗಿ ಒಡೀಬಾರ್ದಾಗಿತ್ತು ನಾನು. ತಪ್ಪಾಯ್ತು."

ಚನ್ನಾಚಾರಿ ಕಿಟಕಿಯಿಂದ ಮುಖ ತಿರುಗಿಸಿದರು. ಇದೊಂದು ಮಾತಿಗಾಗಿ ಇಷ್ಟೂ ದಿನ ಕೋರ್ಟು ಅಲೆದ ಮನುಷ್ಯ. ಬಂದಾಗ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಎಡಗೈಯಿಂದ ಬಲಗೈ ಸವರಿಕೊಂಡರು.

"ನಾನೂ..." ಎಂದು ನಿಲ್ಲಿಸಿದರು.

"ಏನು ನೀನೂ? ಬಾಯ್ಬುಡು."

ಅವರು ಹಿಂದೆ ಮುಂದೆ ನೋಡಿದರು. ನನ್ನನ್ನೂ ನೋಡಿದರು. ನಾನು ಬಸ್ಸಿನ ಚಾವಣಿಯಲ್ಲಿ ಏನೋ ಬರೆದಿದೆ ಎನ್ನುವಂತೆ ಓದುತ್ತಿದ್ದೆ. ಅವರು ದನಿ ತಗ್ಗಿಸಿದರು.

"ಕೈ ಹಾಕಿದ್ದು ದಿಟ ಕಣಮ್ಮಿ. ಎಂಜ್ಲು ಕೈಯೇ. ಆದ್ರೆ ಈಗ ಒಪ್ಕೊಂಡ್ರೆ ಪ್ರಮಾಣ ಮಾಡಿ ಸುಳ್ಳು ಹೇಳ್ದ ಅಂತ ನನ್ನೇ ಒಳಕ್ಕೆ ಹಾಕ್ಬುಡ್ತಾರೆ."

ಜವರಕ್ಕ ಸೆರಗು ಸರಿಮಾಡಿಕೊಂಡು, ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದಳು:

"ಆಕುದ್ರೆ ಆಕ್ಲಿ ಬುಡ್ಲಾ ಆಚಾರಿ, ಶ್ರೀರಂಗಪಟ್ಣದ ದಾರಿ ನಂಗೆ ಗೊತ್ತದೆ, ನಿನ್ ಶಿಕ್ಷೆಗೂ ಒಂದು ತಡೆ ತಂದ್ಕೊಡ್ತೀನಿ!"